ಗಡಿಯಾರದ ಗುಂಡು

ಬೆಳಗಿನ ರೇಡಿಯೋ ಹೇಳಿತ್ತು: ಗಾಳಿ ನಾಲ್ಕು, ಮಧ್ಯಾಹ್ನಕ್ಕೆ ಐದು.
‘ಐದಾಗುವ ಮೊದಲು ಬಂದುಬಿಡೋಣ’ ಅಂದಳು ಮೈನಿರ್,
ಗಾಳಿ ಅವಳ ಕುರಿ ಕಾಯುವ ನಾಯಿಯೇನೋ ಎಂಬಂತೆ.
ಹದಿನೈದು ಅಡಿಯ ದೋಣಿ, ಹೆಸರು ಗ್ವೆನ್ನೋಲ್:
ವೇಲ್ಸಿನವರ ಮಾತಿನಲ್ಲಿ ಕವಲುತೋಕೆ.
ಹಕ್ಕಿಯ ಲಕ್ಷಣ ಒಂದೂ ಇಲ್ಲ.
ಎಂಜಿನ್ನು ಎರಡು ಸಲ ಕೆಮ್ಮಿ
ಮೂರನೆಯದಕ್ಕೆ ಮನಸ್ಸು ಮಾಡಿತು.

ಬಂಡೆಯ ಮೂಗು ದಾಟಿದ್ದೇ ತಡ
ಕಡಲು ನಮ್ಮನ್ನು ಮೊರಕ್ಕೆ ಹಾಕಿಕೊಂಡು ಕೇರತೊಡಗಿತು,
ಕಾಳು ಯಾವುದು, ಜೊಳ್ಳು ಯಾವುದು.
ಅವಳ ಭಾವ ಐಫೊರ್ ಬೇಗನೆ ಜೊಳ್ಳಾದ;
ಬದಿಗೆ ಬಾಗಿ ಬೆಳಗಿನ ಚಹಾ ಒಪ್ಪಿಸಿ
ಬಾಯೊರೆಸಿಕೊಂಡು ನಕ್ಕ. ‘ಆಹಾ, ಎಂಥ ಗಾಳಿ!’

ಮೊದಲು ಬಂಗುಡೆ. ದಾರ ಇಳಿಸಿದರೆ ಸಾಕು,
ಐದಕ್ಕೆ ಐದು ಗಾಳವೂ ನಡುಗುತ್ತವೆ.
ಮೂರು ಇಟ್ಟುಕೊಂಡೆವು, ಮೂರು ಬಾಯಿಗೆ.
ಉಳಿದವು ಕೈಗೂ ತಾಗದೆ
ಮುಳ್ಳಿಲ್ಲದ ಗಾಳದಿಂದ ಜಾರಿ
ಬೈಗುಳದಷ್ಟು ಚುರುಕಾಗಿ ನೀರಿಗೆ ಹೋದವು.

ಮೂವತ್ತು ವರ್ಷ ಬ್ರೆಡ್ಡು ಸುಟ್ಟವಳು ನಾನು,
ನನ್ನ ಅಂಗೈ ಚಳಿಗಾಲದಲ್ಲೂ ಬಿಸಿ.
‘ಕೈ ನೆನೆಸು, ಗ್ವೆನ್‌ಫ್ರಾನ್, ಒಣಗೈ ಅದಕ್ಕೆ ಕೆಂಡ.’
ದಿನವೂ ನೆನೆಸುತ್ತೇನೆ, ಹಿಟ್ಟು ನನಗೆ ಅಂಟಬಾರದೆಂದು.
ಇಲ್ಲಿ ತಿರುಗುಮುರುಗು:
ನಾನು ಅಂಟಬಾರದು ಮೀನಿಗೆ.
ಅದರ ಲೋಳೆ ಅದರ ಅಂಗಿ. ಅದನ್ನು ಕಳಚಿ
ಬತ್ತಲೆ ಮನೆಗೆ ಕಳಿಸಬಾರದು.

ಹತ್ತೂವರೆಗೆ ನನ್ನ ಕೋಲು ಬಾಗಿತು,
ಹುಲ್ಲಲ್ಲ, ಕಲ್ಲಲ್ಲ, ಜೀವ.
ಇಪ್ಪತ್ತು ಮಾರು ಆಳದಿಂದ
ತಲೆ ಅಲ್ಲಾಡಿಸಿ ಬೇಡ ಬೇಡ ಅನ್ನುತ್ತಲೇ ಬಂತು ಪೊಲಾಕ್,
ಹಳೇ ಹಿತ್ತಾಳೆಯ ಮೈ,
ಪಕ್ಕೆಗುಂಟ ಒಂದು ಕಪ್ಪು ಹೊಲಿಗೆ.
ಏರಿದ್ದೇ ತಪ್ಪು. ಒಳಗಿನ ಗಾಳಿಚೀಲ ಉಬ್ಬಿ
ಹೊಟ್ಟೆ ಆಕಾಶಕ್ಕೆ, ಕಣ್ಣು ಹೊರಕ್ಕೆ.
ಬಿಟ್ಟರೂ ಇಳಿಯಲಾರದು.
ನಮಗೆ ಉಸಿರು ಕೊಟ್ಟದ್ದೇ
ಅದನ್ನು ಬೆಂಡಿನಂತೆ ತೇಲಿಸುತ್ತದೆ;
ಕಡಲಕಾಗೆಗಳು ಆಗಲೇ ಸುತ್ತುತ್ತಿದ್ದವು.

ಮೈನಿರ್ ಹಲಗೆಯಡಿಯಿಂದ ತೆಗೆದಳು ಗುಂಡು.
ಸೀಸ. ಒಂದು ಮಗುವಿನ ತೋಳಿನಷ್ಟು.
ಅವಳಪ್ಪ ಇದ್ವಾಲ್‌ನ ಆಳೆತ್ತರದ ಗಡಿಯಾರದ್ದು.
ಅದಕ್ಕೆ ಎರಡು ಗುಂಡು,
ಒಂದು ಮುಳ್ಳು ನಡೆಸಲು, ಒಂದು ಗಂಟೆ ಹೊಡೆಯಲು.
ನಡೆಸುವುದು ಹಜಾರದಲ್ಲೇ ಇದೆ.
ಹೊಡೆಯುವುದು ಇಲ್ಲಿ, ತಲೆಕೆಳಗಾದ ಒಂದು ಗಾಳ ಕಟ್ಟಿಸಿಕೊಂಡು.
ಅವಳ ಮನೆಯಲ್ಲಿ ಹನ್ನೆರಡಾದರೂ ಸದ್ದಿಲ್ಲ.
ಅಪ್ಪನಿದ್ದಾಗ ದೋಣಿಯ ತಳ ಕಾಣದಂತೆ
ಮೀನು ತುಂಬಿ ತರುತ್ತಿದ್ದ, ಅರ್ಧ ಕೊಳೆಯುತ್ತಿತ್ತು.
ಅವಳು ಇದನ್ನು ಹೇಳಲಿಲ್ಲ. ನನಗೆ ವಾಸನೆ ನೆನಪಿದೆ.

ತುಟಿಯ ಅಂಚಿಗೆ ಗಾಳ ಸಿಕ್ಕಿಸಿ ಬಿಟ್ಟಳು.
ದಾರ ನನ್ನ ಬೆರಳ ನಡುವೆ ಓಡಿತು,
ನಾನು ಮಾರು ಎಣಿಸಿದೆ:
ಹತ್ತು, ಹನ್ನೊಂದು, ಹನ್ನೆರಡು,
ಹದಿಮೂರು, ಯಾವ ಗಡಿಯಾರವೂ ಹೊಡೆಯದ ಗಂಟೆ,
ಹದಿನಾಲ್ಕು.
ಹದಿನೇಳಕ್ಕೆ ದಾರದಲ್ಲಿ ಏನೋ ಒದ್ದಿತು.
ತಳ ಮುಟ್ಟಿದಾಗ ಒಂದು ಜಗ್ಗು, ಆಮೇಲೆ ಬರೀ ಸೀಸದ ತೂಕ.

ಬದುಕಿತೇ? ಗೊತ್ತಿಲ್ಲ.
‘ಕಾಗೆಗಂತೂ ಸಿಗಲಿಲ್ಲ’ ಅಂದ ಐಫೊರ್,
ಅವನ ಮುಖಕ್ಕೆ ಬಣ್ಣ ಮರಳಿತ್ತು.
ಮುಂದಿನದು ಗಾಳ ನುಂಗಿ ಕಿವಿರಿನಿಂದ ರಕ್ತ ಸುರಿಸುತ್ತ ಬಂತು.
ಮೈನಿರ್ ಒಂದೇ ಏಟಿಗೆ ಮುಗಿಸಿ,
ತೊಳೆದು, ಬಂಗುಡೆಯ ಪಕ್ಕಕ್ಕಿಟ್ಟಳು.
ಅದರ ಬಗ್ಗೆ ಯಾರೂ ಮಾತಾಡಲಿಲ್ಲ.
ಇನ್ನು ಆಳಕ್ಕೆ ಬೇಡ ಅಂತ ಗಾಳ ಎತ್ತಿದೆವು.

ಐದು ಅವಳ ಮಾತು ಕೇಳಲಿಲ್ಲ, ಹನ್ನೊಂದಕ್ಕೇ ಬಂತು.
ಗ್ವೆನ್ನೋಲ್ ಒಂದೊಂದು ಅಲೆಗೂ ಹೊಟ್ಟೆ ಬಡಿದುಕೊಂಡು,
ಉಪ್ಪು ನೀರು ಕಾಲರಿನೊಳಗೆ,
ನಾವು ಮೂವರೂ ಕಾರಣವಿಲ್ಲದೆ ಕಿರುಚುತ್ತ ನಗುತ್ತ
ದಡಕ್ಕೆ ಬಂದೆವು.

ಅವಳ ಅಡುಗೆಮನೆಯಲ್ಲಿ ಬೆಣ್ಣೆ ಚುರುಗುಟ್ಟುವಾಗ
ಹಜಾರದ ಗಡಿಯಾರ ಒಂದಕ್ಕೆ ಬಂದು
ಗಂಟಲು ಸರಿಮಾಡಿಕೊಂಡಿತು,
ಏನೂ ಹೇಳದೆ ಮುಂದೆ ನಡೆಯಿತು.
ಗುಂಡು ಸಿಂಕಿನಲ್ಲಿತ್ತು,
ಅದಕ್ಕೊಂದು ಹುರುಪೆ ಅಂಟಿತ್ತು.