ತಗಡಿನ ಬಾಯಿ

ಎರಡೇ ಸೀಟು. ಹತ್ತುವ ಕಾರಲ್ಲ, ಇಳಿಯಬೇಕು ಒಳಕ್ಕೆ,
ಕೆರೆಗೆ ಇಳಿದಂತೆ, ಮೊದಲು ಒಂದು ಕಾಲು.
ದಾಳಿಂಬೆ ಬಣ್ಣ. ಮೂಗು ನೆಲಕ್ಕೆ ಹತ್ತಿರ.
ಬನ್ನಿಮಂಟಪದ ನನ್ನ ಶೆಡ್ಡಿಗೆ ಅದು ಬಂದಾಗ
ಎದುರಿನ ಟೀ ಅಂಗಡಿ ಹುಡುಗ
ಗ್ಲಾಸು ತೊಳೆಯುವುದನ್ನೇ ಮರೆತ.

ಮಾದಪ್ಪನವರು ಹೇಳಿದರು: ಎಂಜಿನ್ ಸದ್ದು ಮುಟ್ಟಬೇಡಿ,
ನಾನು ದುಡ್ಡು ಕೊಟ್ಟಿದ್ದೇ ಅದಕ್ಕೆ.
ರೋಡಿನ ಸದ್ದು ಮಾತ್ರ ತೆಗೀರಿ.
ಅವರು ಆ ಕಡೆ ಹೋದ ಮೇಲೆ ಬೊಳ್ಳಮ್ಮ:
ಶ್ರೀರಂಗಪಟ್ಟಣ ದಾಟೋಷ್ಟರಲ್ಲಿ ಗಂಟಲು ಬತ್ತುತ್ತೆ ಆಚಾರ್ರೇ,
ಭುಜಕ್ಕೆ ಭುಜ ತಾಗುತ್ತೆ, ಮಾತು ತಾಗಲ್ಲ.
ಎಲ್ಲಾ ಸದ್ದೂ ತೆಗೆದುಬಿಡಿ.

ಸರಿ ಅಂದೆ, ಇಬ್ಬರಿಗೂ.
ಕುಲಕಸುಬಲ್ಲದ ಕಸುಬಿನಲ್ಲಿ
ಸರಿ ಅನ್ನುವುದೇ ಬಂಡವಾಳ.

ಸೀಟು ಬಿಚ್ಚಿದೆ, ಕಾರ್ಪೆಟ್ ಎತ್ತಿದೆ.
ಕೆಳಗೆ ಒಂದು ಹೇರ್‌ಪಿನ್ನು, ಹುಣಸೆ ಬೀಜ,
ಹಿಂದಿನ ಯಾರದೋ ಮಗುವಿನ ಗೊಂಬೆಯ ಕೈ,
ಬೆಟ್ಟದ ಪಾರ್ಕಿಂಗ್ ಚೀಟಿ, ಮಸಿ ಅಳಿಸಿದ್ದು.
ಡೋರಿನ ಒಳಪದರ ಕಿತ್ತರೆ
ಕರಿ ಅಂಟು ಬೆರಳಿಂದ ಬೆರಳಿಗೆ
ಆಲೆಮನೆಯ ಪಾಕದಂತೆ ನೂಲು ತೆಗೆಯಿತು.
ಆಮೇಲೆ ಬರೀ ತಗಡು.
ಗೆಣ್ಣಿಂದ ತಟ್ಟಿದೆ: ಟಣ್ಣ್.

ನಾಗಮಂಗಲದಲ್ಲಿ ನಮ್ಮಪ್ಪ ಕಂಚು ಎರೆದವರು.
ಅಚ್ಚು ಒಡೆದು, ಅರ ಹಾಕಿ, ಗಂಟೆ ತೂಗುಹಾಕಿ
ಒಂದೇ ಪೆಟ್ಟು ಕೊಟ್ಟು ತಲೆ ವಾಲಿಸಿ ಕೂರೋರು.
ನಾದ ಅರ್ಧ ದಾರಿ ಹೋಗುವಷ್ಟರಲ್ಲಿ
ಅಂಗೈ ಒತ್ತಿ ನಿಲ್ಲಿಸಿಬಿಡೋರು.
ಯಾಕಪ್ಪಾ ಅಂದರೆ:
ನಮ್ಗಿಷ್ಟು ಸಾಕು ಕಣ್ಲಾ. ಮಿಕ್ಕಿದ್ದು ತಕ್ಕಂಡೋನ್ದು.

ಅವರ ಮಗ ನಾನು
ಬ್ಯುಟೈಲ್ ಶೀಟು ಅಳತೆಗೆ ಕತ್ತರಿಸುತ್ತೇನೆ.
ಒಂದು ಮುಖ ಬೆಳ್ಳಿ, ಇನ್ನೊಂದು ಮುಖ ರಾಡಿ.
ಸ್ಪಿರಿಟ್ಟಿನಲ್ಲಿ ತಗಡು ಒರೆಸಿ, ಹೀಟ್ ಗನ್ನಿನ ಬಿಸಿ ತೋರಿಸಿ
ರೋಲರ್ ಒತ್ತುತ್ತೇನೆ, ಗಾಳಿಗುಳ್ಳೆ ಸಾಯುವ ತನಕ.
ಫಾಯಿಲಿನ ಅಂಚು ಹೆಬ್ಬೆರಳು ಕೊಯ್ದಿತು
ಎರಡು ಸಲ, ಒಂದೇ ಜಾಗದಲ್ಲಿ.
ನೀರಿಳಿಯುವ ತೂತು ಮುಚ್ಚಬಾರದು,
ಮುಚ್ಚಿದರೆ ಡೋರು ಒಳಗೊಳಗೇ ಅತ್ತು ತುಕ್ಕು ಹಿಡಿಯುತ್ತೆ.
ಪೂರ್ತಿ ಹೊದಿಸುವುದೂ ಬೇಡ.
ತಗಡು ಎಲ್ಲಿ ಹೆಚ್ಚು ನಡುಗುತ್ತದೋ ಅಲ್ಲಿ, ನಡುಮಧ್ಯೆ,
ಅಂಗೈಯಗಲ ಸಾಕು.
ಮತ್ತೆ ತಟ್ಟಿದೆ: ಟಪ್.
ಹಣ್ಣಾದ ಹಲಸಿಗೆ ತಟ್ಟಿದಂತೆ.

ಎಂಜಿನ್ ಕಡೆಯ ಗೋಡೆಗೆ ಅರ್ಧಂಬರ್ಧ, ಅದು ಗಂಡನ ಪಾಲು.
ಬೊಳ್ಳಮ್ಮನ ಕಡೆಯ ಡೋರಿಗೆ ಎರಡು ಪದರ.
ಬಿಲ್ಲಿನಲ್ಲಿ ಬರೆಯಲಿಲ್ಲ.

ಮುಂದಿನ ಶನಿವಾರ ಮತ್ತೆ ಬಂದರು.
ಸದ್ದು ಹೋಯ್ತಾ ಸರ್?
ಹೋಯ್ತು, ಅಂದರು ಇವರು.
ಪೂರ್ತಿ ಹೋಯ್ತು, ಅಂದರು ಅವರು.
ಮಂಡ್ಯ ಮುಟ್ಟುವ ತನಕ ಇಬ್ಬರೂ ತುಟಿ ಬಿಚ್ಚಿರಲಿಲ್ಲವಂತೆ.
ಎರಡು ವರ್ಷ ಕೂಗಿ ಕೂಗಿ ಆಡಿದ್ದ ಮಾತು
ಮೆಲ್ಲಗೆ ಆಡಹೋದರೆ
ಯಾವುದೂ ಆಡುವಂಥದ್ದು ಅನ್ನಿಸಲಿಲ್ಲವಂತೆ.
ವಾಪಸು ಬರುವಾಗ ಯಲಿಯೂರಿನ ಹತ್ತಿರ
ಎಲ್ಲೋ ಕಿಟಿಕಿಟಿ.
ಕೇಳಿಸ್ತಾ? ಅಂದರಂತೆ.
ಹೂಂ, ಆಗಲಿಂದ, ಅಂದರಂತೆ.
ಅಲ್ಲಿಂದ ಮನೆಯವರೆಗೆ ಅದರದೇ ಮಾತು:
ಬೆಲ್ಟಿನ ಬಕಲ್ಲೋ, ಡಬ್ಬಿ ಮುಚ್ಚಳವೋ, ನಿನ್ನ ಬಳೆಯೋ,
ನನ್ನ ಬಳೆ ಹೋದ ವರ್ಷವೇ ತೆಗೆದಿಟ್ಟೆ, ನೋಡಲಿಲ್ವಾ.

ಹುಡುಕಿದೆ. ಗ್ಲೌವ್ ಬಾಕ್ಸಿನ ಕೊಂಡಿ.
ಮೊದಲೂ ಇತ್ತು, ದೊಡ್ಡ ಸದ್ದಿನ ಅಡಿಯಲ್ಲಿ.
ಫೆಲ್ಟಿನ ಚೂರು ಹಿಡಿದು ಅವರ ಮುಖ ನೋಡಿದೆ.
ಮಾದಪ್ಪ ಹೆಂಡತಿಯ ಮುಖ ನೋಡಿದರು.
ಬೊಳ್ಳಮ್ಮ ಟೀ ಅಂಗಡಿ ಕಡೆ ನೋಡಿದರು.
ಇರಲಿ ಬಿಡಿ ಅಂದಿದ್ದು ಯಾರು, ನೆನಪಿಲ್ಲ.

ಮಿಕ್ಕ ಶೀಟು ಮನೆಗೊಯ್ದು
ಬೀರುವಿನ ಬಾಗಿಲಿಗೆ ಒಳಗಿಂದ ಹಚ್ಚಿದೆ.
ಈಗ ನನ್ನವಳಿಗೆ ಸಿಟ್ಟು.
ಚೀಟಿ ದುಡ್ಡಿಗೆ ನಾನು ಕೈ ಹಾಕಿದ್ದು
ಅಡುಗೆಮನೆಗೆ ಕೇಳಿಸುವುದಿಲ್ಲವಂತೆ.