ನಾಲ್ಕು ಬೆರಳು

ನ್ಯೂಫೌಂಡ್‌ಲ್ಯಾಂಡಿನ ಕಲ್ಲುದಂಡೆಗೆ
ಜೂನ್ ತಿಂಗಳ ಕೊನೆಯ ಹಿಮಗಡ್ಡೆಯ ಹಿಂದೆಯೇ
ಬಂದು ಬಿದ್ದಿತ್ತು ಗೂನುಬೆನ್ನಿನ ಹೆಣ್ಣು ತಿಮಿಂಗಿಲ.
ಮೂರನೆಯ ದಿನಕ್ಕೆ ವಾಸನೆ ಚರ್ಚಿನೊಳಗೂ.

ಕೊಯ್ಯಲು ಬಂದವಳು ಡಾಕ್ಟರ್ ಥಿರ್ಜಾ,
ಸೊಂಟದವರೆಗೆ ರಬ್ಬರ್ ಬೂಟು.
ಕತ್ತಿ ಮಸೆದುಕೊಡಲು ಗಾರ್ಲೆಂಡ್.
ಕಾಡ್ ಮೀನು ಮುಗಿದ ಮೇಲೆ
ಅವನ ಸಾಣೆಕಲ್ಲಿಗೂ ಕೆಲಸವಿರಲಿಲ್ಲ.

ಗೇಣು ದಪ್ಪದ ಕೊಬ್ಬು ಸುಲಿದರು:
ಚಳಿಗೆ ಹೊದಿಕೆ, ಹಸಿವಿಗೆ ಬುತ್ತಿ.
ಬಾಯಲ್ಲಿ ಹಲ್ಲಿಲ್ಲ, ಬಾಚಣಿಗೆ;
ಅದರ ಎಳೆಗೆ ಸಿಕ್ಕಿ ಇನ್ನೂ ಒಂದು ಕ್ಯಾಪ್ಲಿನ್ ಮೀನು,
ಬೆಳ್ಳಿ ಮಾಸಿಲ್ಲ.
ಮೂತಿಯ ಗಂಟುಗಂಟಿಗೂ ಒಂದೊಂದೇ ಕೂದಲು.
'ಒಂದಾನೊಂದು ಕಾಲಕ್ಕೆ ನೆಲದ್ದು ಇದು,' ಅಂದಳು.
ಸೊಂಟದ ಬಳಿ ಮಾಂಸದಲ್ಲಿ ತೇಲುವ ಎಲುಬು,
ಯಾವ ಕಾಲಿಗೂ ಸೇರದ್ದು,
ಬಾಗಿಲು ಹೋದ ಮನೆಯ ಚಿಲಕದ ಹಾಗೆ.

ಆಮೇಲೆ ಆ ಈಜುರೆಕ್ಕೆ, ಸಣ್ಣ ದೋಣಿಯಷ್ಟುದ್ದ.
ಸೀಳಿದರೆ ಒಳಗೆ ಕೈ!
ತೋಳು, ಮಣಿಕಟ್ಟು, ಗೆಣ್ಣಿನ ಮೇಲೆ ಗೆಣ್ಣು.
ಥಿರ್ಜಾ ಎಣಿಸಿ ಬರೆದುಕೊಂಡಳು: ಬೆರಳು ನಾಲ್ಕು.

ಗಾರ್ಲೆಂಡ್ ಕೈಗವಸು ಕಳಚಿದ.
ಎಂಬತ್ತೊಂಬತ್ತರಲ್ಲಿ ವಿಂಚಿಗೆ ಒಂದು ಕೊಟ್ಟ ಎಡಗೈಯನ್ನು
ಆ ಎಲುಬುಗಳ ಪಕ್ಕ ಇಟ್ಟ.
ಸ್ವಲ್ಪ ಹೊತ್ತಾದ ಮೇಲೆ
'ನಿಂದು ಎಲ್ಲಿ ಹೋಯ್ತೇ?' ಅಂದ,
ಅದಕ್ಕೆ ಮಾತ್ರ ಕೇಳುವಷ್ಟು.