ಚೀಟಿ

ಮೂವತ್ತೊಂದು ವರ್ಷ ಹುಬ್ಬಳ್ಳಿ–ಲಕ್ಷ್ಮೇಶ್ವರ ಗಾಡಿಯೊಳಗ
ಸೀಟಿ ಊದಿದ ಬಾಯಿ ಇದು.
ಗಂಟು ತಗದರು, ಅದರ ಜೋಡಿ ದವಡಿ ಎಲುಬೂ ಹೋತು.
ಕನ್ನಡ್ಯಾಗ ಎಡಗಲ್ಲ ಖಾಲಿ ಕಿಸೆ.

ಧಾರವಾಡದ ಡಾಕ್ಟರ್ ಅಕ್ಕಾರು ಹಾಳಿ ಮ್ಯಾಲ ಗೀಚಿದರು:
“ಇದು ಹಂದರ. ಅವರಿಬಳ್ಳಿಗೆ ಹಾಕತೀರಲ್ಲ, ಹಂಗ.
ಎಲುಬು ಹಬ್ಬಿದ ಮ್ಯಾಲ ತಾನಽ ಕರಗತೈತಿ.”
ಮತ್ತ ಈ ಹನಿಯೊಳಗ?
“ಜೀವಕೋಶ ಇಲ್ಲ, ದಾವಲಸಾಬ್ರ. ಅವು ಬರದು ಕಳಿಸಿದ ಚೀಟಿ.”

ತಿಳೀತು ನನಗ.
ಚೀಟಿ ಹರದು ಕೊಟ್ಟಾವ ಇಳದು ಹೋದರೂ
ಹಿಡದಾವ ತನ್ನ ಊರು ಮುಟ್ಟತಾನ.

ಆರನೇ ತಿಂಗಳ ಫೋಟೋದೊಳಗ
ಹೊಗಿ ಹಂಗ ಒಂದು ಬಿಳಿ ಗೆರಿ.
“ಎಲುಬ ಅನ್ನಬಹುದು,” ಅಂದರು, “ಇನ್ನೂ ನೋಡೋಣ.”

ಇವತ್ತು ಮುಂಜಾನೆ ಹಳೇ ಸೀಟಿ ಹುಡುಕಿ ಊದಿದೆ.
ಗಾಳಿ ಎಡಗಡೆ ಸೋರಿತು.
ಓಣ್ಯಾಗ ಒಂದು ಆಟೋ ಮಾತ್ರ
ನಿಂತು, ಹಿಂದ ನೋಡಿತು.